ಕೊಡಗಿನ ಮಾಲ್‌ಗೊಂದು ಅಚ್ಚುಕೂಟ ಬೇಕು: ಹಳೆಯ ಪ್ರೆಸ್ ಯಂತ್ರಗಳನ್ನು ನೋಡುವ ಬಗೆ

ಮಳೆಗಾಲದಲ್ಲಿ ಮಡಿಕೇರಿಗೆ ಬಂದವರು ಅರ್ಧ ದಿನವನ್ನಾದರೂ ಸೂರಿನಡಿ ಕಳೆಯಬೇಕಾಗುತ್ತದೆ. ರಾಜಾಸೀಟಿನಲ್ಲಿ ಮಂಜು ಕವಿದಿರುತ್ತದೆ, ಅಬ್ಬಿ ಜಲಪಾತದ ದಾರಿಯಲ್ಲಿ ಜಡಿಮಳೆ. ಕೋಟೆಯೊಳಗಿನ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ 2021ರಲ್ಲಿ ಮ್ಯೂಸಿಯಂ ಆಗಿ ಉದ್ಘಾಟನೆಯಾದ ಜನರಲ್ ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ ಅನ್ನೂ ನೋಡಿ ಮುಗಿಸಿದವರು ಮತ್ತೆ ಸೇರುವುದು ಅಂಗಡಿ ಸಂಕೀರ್ಣಗಳಲ್ಲೇ. ಊರಿನವರ ಮಾತೂ ಬೇರೆಯಲ್ಲ, ಸಂತೆ ದಿನ ತಂದ ಸಾಮಾನು ಕೆಳಗಿಟ್ಟು ಬಸ್ಸಿಗೆ ಕಾಯುವುದು ಅಲ್ಲಿಯೇ. ಹೀಗಾಗಿ ಮಡಿಕೇರಿ, ಕುಶಾಲನಗರ ಅಥವಾ ಗೋಣಿಕೊಪ್ಪಲಿನ ಯಾವುದಾದರೂ ಮಾಲ್‌ನ ನೆಲಮಹಡಿಯಲ್ಲಿ ಹಳೆಯ ಮುದ್ರಣ ಯಂತ್ರಗಳ ಒಂದು ಸಣ್ಣ ಮ್ಯೂಸಿಯಂ ಆಗಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಟಿಕೆಟ್ ಕೊಂಡು ಮ್ಯೂಸಿಯಂಗೆ ಹೋಗುವ ಅಭ್ಯಾಸವಿಲ್ಲದವರೂ ಮಾಲ್‌ಗೆ ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ.

ಆದರೆ ಕಾಲಿನಿಂದ ತುಳಿದು ಓಡಿಸುವ ಒಂದು ಟ್ರೆಡಲ್ ಯಂತ್ರವನ್ನು ತಂದು, ಕಪ್ಪು ಬಣ್ಣ ಹೊಡೆದು, ಸುತ್ತ ಹಗ್ಗ ಕಟ್ಟಿ, ‘ಹಳೆಯ ಮುದ್ರಣ ಯಂತ್ರ’ ಎಂದು ಫಲಕ ಹಾಕಿದರೆ ನೋಡುವವರಿಗೆ ಕಾಣುವುದು ಒಂದು ದೊಡ್ಡ ಚಕ್ರ, ಒಂದು ಪೆಡಲ್. ಫೋಟೋ ತೆಗೆದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಕನ್ನಡದ ಮುದ್ರಣದಲ್ಲಿ ನಿಜವಾದ ಕಷ್ಟವೂ ಜಾಣ್ಮೆಯೂ ಇದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಪಕ್ಕದಲ್ಲಿ ಇರುತ್ತಿದ್ದ ಮರದ ಕೇಸ್‌ಗಳಲ್ಲಿ, ಅವುಗಳ ಖಾನೆಗಳೊಳಗಿನ ಬಿಡಿ ಅಕ್ಷರಗಳಾದ ಸೀಸದ ಮೊಳೆಗಳಲ್ಲಿ. ಮ್ಯೂಸಿಯಂ ಮಾಡುವವರು ಮೊದಲು ತರಬೇಕಾದದ್ದು ಅವನ್ನು. ಯಾಕೆ ಎಂದು ತಿಳಿಯಬೇಕಾದರೆ ಈ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಮೊದಲಿನಿಂದ ನೋಡಬೇಕು.

ಉಬ್ಬಿದ ಅಕ್ಷರಕ್ಕೆ ಮಸಿ ಸವರಿ ಕಾಗದವನ್ನು ಒತ್ತುವುದು, ಇಷ್ಟೇ ಅಚ್ಚಿನ ಮೂಲತತ್ವ. ರಬ್ಬರ್ ಸ್ಟ್ಯಾಂಪಿನಲ್ಲಿ ಆಗುವುದೂ ಇದೇ. ಜರ್ಮನಿಯ ಮೈನ್ಸ್‌ನಲ್ಲಿ ಯೋಹಾನ್ ಗುಟೆನ್‌ಬರ್ಗ್ 1450ರ ಸುಮಾರಿಗೆ ಮಾಡಿದ ಹೊಸ ಕೆಲಸವೆಂದರೆ, ಇಡೀ ಪುಟವನ್ನು ಮರದಲ್ಲಿ ಕೆತ್ತುವ ಬದಲು ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಲೋಹದಲ್ಲಿ ಎರಕ ಹೊಯ್ದು, ಜೋಡಿಸಿ, ಅಚ್ಚು ಹಾಕಿ, ಬಿಚ್ಚಿ, ಮತ್ತೆ ಬೇರೆ ಪುಟಕ್ಕೆ ಬಳಸುವ ವ್ಯವಸ್ಥೆ. ಈ ಬಿಡಿ ಅಕ್ಷರವೇ ನಮ್ಮ ಪ್ರೆಸ್‌ಗಳಲ್ಲಿ ‘ಮೊಳೆ’. ಸೀಸ, ತವರ, ಆಂಟಿಮನಿ ಬೆರೆಸಿದ ಲೋಹ. ಸೀಸ ಸುಲಭವಾಗಿ ಕರಗುತ್ತದೆ, ಆಂಟಿಮನಿ ಅದಕ್ಕೆ ಗಡಸುತನ ಕೊಡುತ್ತದೆ, ತಣಿಯುವಾಗ ಕುಗ್ಗುವುದನ್ನೂ ತಡೆಯುತ್ತದೆ. ತವರ ಸೇರಿದರೆ ಎರಕ ಸಣ್ಣ ಸಂದುಗಳಿಗೂ ಹರಿದು ಅಂಚು ಸ್ಪಷ್ಟವಾಗುತ್ತದೆ.

ಒಂದು ಮೊಳೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಮೂರು ಸಂಗತಿ ಕಾಣುತ್ತವೆ. ತುದಿಯಲ್ಲಿ ಅಕ್ಷರ ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಾಣುವಂತೆ ಉಬ್ಬಿರುತ್ತದೆ. ಮೈಯ ಒಂದು ಬದಿಯಲ್ಲಿ ಅಡ್ಡವಾಗಿ ಸಣ್ಣದೊಂದು ಗೀರು ಇರುತ್ತದೆ. ಕೆಲಸದವರು ಅದನ್ನು ‘ನಿಕ್’ ಎನ್ನುತ್ತಾರೆ. ಕಣ್ಣು ಹಾಯಿಸದೆ ಹೆಬ್ಬೆರಳಿಗೆ ನಿಕ್ ತಾಗಿದರೆ ಸಾಕು, ಮೊಳೆ ಸರಿಯಾಗಿ ನಿಂತಿದೆಯೋ ತಲೆಕೆಳಗಾಗಿದೆಯೋ ಗೊತ್ತಾಗುತ್ತದೆ. ಮೂರನೆಯದು ಎತ್ತರ. ಅಕ್ಷರ ದೊಡ್ಡದಿರಲಿ ಸಣ್ಣದಿರಲಿ, ಬುಡದಿಂದ ಮುಖದವರೆಗೆ ಎಲ್ಲ ಮೊಳೆಯ ಎತ್ತರವೂ ಒಂದೇ, ಇಂಗ್ಲಿಷ್ ಅಳತೆಯಲ್ಲಿ 0.918 ಇಂಚು. ಚಿತ್ರ ಬೇಕಾದಾಗ ಮಾಡಿಸುತ್ತಿದ್ದ ಸತುವಿನ ಬ್ಲಾಕನ್ನೂ ಮರದ ತುಂಡಿಗೆ ಹೊಡೆದು ಇದೇ ಎತ್ತರಕ್ಕೆ ತರುತ್ತಿದ್ದರು. ಒಂದು ಮೊಳೆ ಕೂದಲೆಳೆಯಷ್ಟು ತಗ್ಗಿದರೂ ಆ ಅಕ್ಷರ ಮಸುಕು, ಕೂದಲೆಳೆಯಷ್ಟು ಎದ್ದರೂ ಕಾಗದ ತೂತು.

ಇಂಗ್ಲಿಷಿಗೆ ಇದು ಸರಾಗವಾಗಿ ಒಗ್ಗಿತು. ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿ ಐವತ್ತೆರಡು, ಮೇಲೆ ಅಂಕಿ, ವಿರಾಮಚಿಹ್ನೆ. ಒಬ್ಬ ಮನುಷ್ಯ ಒಂದೇ ಕಡೆ ನಿಂತು ಕೈಚಾಚಿದರೆ ಎಲ್ಲವೂ ಸಿಗುತ್ತದೆ.

ಕನ್ನಡದ ಲೆಕ್ಕ ಬೇರೆ. 34 ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತದ ಹತ್ತು ಹನ್ನೆರಡು ರೂಪ, ಮತ್ತೆ ಪ್ರತಿಯೊಂದರ ಕೆಳಗೂ ಬರಬಹುದಾದ ಒತ್ತಕ್ಷರ. ಒಂದು ವ್ಯಂಜನಕ್ಕೆ ಒಂದೇ ಒತ್ತು ಎಂದಿಟ್ಟುಕೊಂಡು 34ನ್ನು 34ರಿಂದ, ಅದನ್ನು ಮತ್ತೆ ಹನ್ನೆರಡರಿಂದ ಗುಣಿಸಿದರೆ 13,872 ಆಗುತ್ತದೆ. ಭಾಷೆಯಲ್ಲಿ ಇವೆಲ್ಲ ಬಳಕೆಯಲ್ಲಿಲ್ಲ ನಿಜ. ಬಳಕೆಯಲ್ಲಿರುವಷ್ಟಕ್ಕೆ ಮಾತ್ರ ಇಡಿಯಾದ ಮೊಳೆ ಮಾಡಿಸಿದರೂ ಯಾವ ಪ್ರೆಸ್ಸಿನ ಗೋಡೆಯೂ ಸಾಲದು. ಹಾಗಾಗಿ ಅಕ್ಷರವನ್ನು ಒಡೆಯಬೇಕಾಯಿತು. ಒಡೆದದ್ದು ಹೇಗೆ ಎನ್ನುವುದೇ ಕನ್ನಡ ಅಚ್ಚಿನ ಕಥೆ.

ಕನ್ನಡ ಮೊಳೆಗಳಿಂದ ಅಚ್ಚಾದ ತೀರ ಮೊದಲ ಪುಸ್ತಕಗಳಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಒಂದು. 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಆದರೆ ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣ ಶುರುಮಾಡಿದಾಗ ಹಿಡಿದದ್ದು ಮೊಳೆಯ ದಾರಿಯನ್ನಲ್ಲ, ಕಲ್ಲಚ್ಚಿನ ದಾರಿಯನ್ನು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಇವತ್ತಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ ಆಚರಿಸುವುದು ಆ ತಾರೀಕಿನಂದೇ. ಜೈಮಿನಿ ಭಾರತ, ಬಸವ ಪುರಾಣದಂಥ ದೊಡ್ಡ ಕಾವ್ಯಗಳೂ ಅಲ್ಲಿ ಮೊದಲು ಕಲ್ಲಿನ ಮೇಲೆಯೇ ಮೂಡಿದವು.

ಕಲ್ಲಚ್ಚಿನ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ಅದು ಮತ್ತೆ ಬರುತ್ತದೆ. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1796ರ ಹೊತ್ತಿಗೆ ಕಂಡುಕೊಂಡ ವಿಧಾನ ಇದು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಕಲ್ಲನ್ನು ನೀರಿನಿಂದ ಒರೆಸುತ್ತಾರೆ. ಬರೆಯದ ಜಾಗ ನೀರನ್ನು ಹಿಡಿದುಕೊಳ್ಳುತ್ತದೆ, ಜಿಡ್ಡಿರುವ ಜಾಗ ನೀರನ್ನು ದೂಡುತ್ತದೆ. ಆಮೇಲೆ ಎಣ್ಣೆ ಮಸಿಯ ರೋಲರ್ ಹಾಯಿಸಿದರೆ ಮಸಿ ಅಕ್ಷರಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಉಬ್ಬೂ ಇಲ್ಲ ತಗ್ಗೂ ಇಲ್ಲ, ಎಲ್ಲ ಸಪಾಟು. ಲಿಪಿಯ ದೃಷ್ಟಿಯಿಂದ ನೋಡಿ: ಕೈಯಲ್ಲಿ ಬರೆದದ್ದು ಹಾಗೆಯೇ ಅಚ್ಚಾಗುತ್ತದೆ. ಒತ್ತಕ್ಷರ ಎಲ್ಲಿ ಬೇಕೋ ಅಲ್ಲಿ, ಕೊಂಬು ಎಷ್ಟು ಉದ್ದ ಬೇಕೋ ಅಷ್ಟು. ನೂರಾರು ಬಗೆಯ ಮೊಳೆ ದೂರದಿಂದ ತರಿಸುವ ಖರ್ಚಿಲ್ಲ. ಕೈಯಕ್ಷರ ಚೆನ್ನಾಗಿರುವ ಒಬ್ಬ ಲಿಪಿಕಾರ, ಒಂದು ಕಲ್ಲು, ಒಂದು ಒತ್ತುಯಂತ್ರ ಇದ್ದರಾಯಿತು. ತೊಂದರೆ ಇದ್ದದ್ದು ಬೇರೆ ಕಡೆ. ಪ್ರತಿ ಪುಟವನ್ನೂ ಕೈಯಲ್ಲೇ ಬರೆಯಬೇಕು, ಬರೆದ ಮೇಲೆ ತಿದ್ದುವುದು ಕಷ್ಟ, ಅಕ್ಷರ ತೀರ ಸಣ್ಣದು ಮಾಡಲಾಗದು, ಹೆಚ್ಚು ಪ್ರತಿಗೆ ಕಲ್ಲಿನ ಬರವಣಿಗೆ ಸವೆಯುತ್ತದೆ. ಹೀಗಾಗಿ ಅಲ್ಲಿಯೂ ಮೊಳೆ ಬಂತು. 1894ರಲ್ಲಿ ಅದೇ ಮಂಗಳೂರಿನ ಪ್ರೆಸ್‌ನಿಂದ ಹೊರಬಂದ ಕಿಟ್ಟೆಲ್ ಕೋಶದ ಒಂದು ಪುಟ ನೋಡಿದರೆ ಮೊಳೆ ಜೋಡಿಸುವವರ ಕೈ ಅಷ್ಟರಲ್ಲಿ ಎಷ್ಟು ಪಳಗಿತ್ತು ಎನ್ನುವುದು ಕಾಣುತ್ತದೆ. ಕನ್ನಡ, ರೋಮನ್, ಇಟಾಲಿಕ್ ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಈಗ ಅಕ್ಷರ ಒಡೆಯುವುದಕ್ಕೆ ಬರೋಣ. ಒಂದು ಫೌಂಟಿನಿಂದ, ಅಂದರೆ ಒಂದು ನಮೂನೆಯ ಮೊಳೆಗಳ ಇಡೀ ಗುಂಪಿನಿಂದ, ಇನ್ನೊಂದಕ್ಕೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಮುಖ್ಯ ಉಪಾಯ ಒಂದೇ. ತಲೆಕಟ್ಟಿನ ‘ಕ’, ಇಳಿಯ ‘ಕಾ’, ಗುಡಿಸಿನ ‘ಕಿ’, ಎತ್ವದ ‘ಕೆ’ ಇವಕ್ಕೆ ಇಡಿಯಾದ ಮೊಳೆ. ಕೊಂಬು, ಕೊಂಬಿನ ಇಳಿ, ದೀರ್ಘ, ಐತ್ವ, ಸೊನ್ನೆ, ಒತ್ತುಗಳಿಗೆ ಬೇರೆ ಬೇರೆ ಮೊಳೆ. ‘ಕಿ’ ಪಕ್ಕದಲ್ಲಿ ದೀರ್ಘ ನಿಲ್ಲಿಸಿದರೆ ‘ಕೀ’. ‘ಕೆ’ ಪಕ್ಕದಲ್ಲಿ ಕೊಂಬಿನ ಇಳಿ ನಿಲ್ಲಿಸಿದರೆ ‘ಕೊ’, ಅದರ ಪಕ್ಕಕ್ಕೆ ದೀರ್ಘವನ್ನೂ ತಂದರೆ ‘ಕೋ’. ‘ಮಡಿಕೇರಿ’ ಎಂದು ಜೋಡಿಸಲು ಐದು ಮೊಳೆ ಬೇಕು: ಮ, ಡಿ, ಕೆ, ದೀರ್ಘ, ರಿ. ‘ಕೊಡಗು’ ಮೂರೇ ಅಕ್ಷರದ ಮಾತು, ಮೊಳೆ ಮಾತ್ರ ಐದು: ಕೆ, ಕೊಂಬಿನ ಇಳಿ, ಡ, ಗ, ಕೊಂಬು. ‘ಸ್ವಾತಂತ್ರ್ಯ’ವೂ ಮೂರೇ ಅಕ್ಷರ, ಅದಕ್ಕೆ ಏಳು: ಸಾ, ವ-ಒತ್ತು, ತ, ಸೊನ್ನೆ, ಮತ್ತೆ ತ, ರ-ಒತ್ತು, ಯ-ಒತ್ತು. ‘ಕರ್ನಾಟಕ’ದಲ್ಲಿ ಇನ್ನೊಂದು ತೊಡಕು. ಬಾಯಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಅರ್ಕಾವೊತ್ತು ಬರೆಯುವುದು ‘ನಾ’ ಆದ ಮೇಲೆ. ಹಾಗಾಗಿ ಮೊಳೆ ಹಿಡಿದ ಕೈಗೆ ‘ನಾ’ ಮೊದಲು, ಅರ್ಕಾವೊತ್ತು ಆಮೇಲೆ. ಉಚ್ಚಾರದ ಕ್ರಮ ಒಂದು, ಕೈಯ ಕ್ರಮ ಇನ್ನೊಂದು. ಇದನ್ನು ದಿನಕ್ಕೆ ಸಾವಿರಾರು ಸಲ ತಪ್ಪಿಲ್ಲದೆ ಮಾಡುತ್ತಿದ್ದವರು ಹೆಚ್ಚಿನವರು ಸಣ್ಣ ವಯಸ್ಸಿನಲ್ಲಿ ಪ್ರೆಸ್ಸಿಗೆ ಸೇರಿ ಅಲ್ಲೇ ಕಲಿತವರು.

ಮನೆಯಲ್ಲಿ 1960ರ, 70ರ ದಶಕದ ಕನ್ನಡ ಪುಸ್ತಕವಿದ್ದರೆ ತೆರೆದು ನೋಡಿ. ಒತ್ತಕ್ಷರ ಅಕ್ಷರದ ನೇರ ಕೆಳಗೆ ಇರದೆ ಬಲಕ್ಕೆ ಸರಿದು ಕೂತಿರುತ್ತದೆ, ಅದರ ತಲೆಯ ಮೇಲೆ ಬಿಳಿ ಜಾಗ ಉಳಿದಿರುತ್ತದೆ. ಅದು ಬೇರೆಯೇ ಮೊಳೆ, ಅದಕ್ಕೆ ತನ್ನದೇ ಅಗಲ ಬೇಕು ಎನ್ನುವುದರ ಗುರುತು ಅದು. ಕನ್ನಡದ ಕಣ್ಣು ಮೂರು ತಲೆಮಾರು ಈ ಸಂದಿನ ಜೊತೆಗೇ ಓದಿ ಬೆಳೆಯಿತು.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೊಡವರ ಭಾಷೆಯಾದ ಕೊಡವ ತಕ್ಕ್ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಹರದಾಸ ಅಪ್ಪಚ್ಚ ಕವಿಯ ನಾಟಕಗಳು 1906ರಿಂದ ಬರತೊಡಗಿದವು, ನಡಿಕೇರಿಯಂಡ ಚಿಣ್ಣಪ್ಪ ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ 1924ರಲ್ಲಿ ಬಂತು. ಆ ಭಾಷೆಯಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ. ತುಟಿ ದುಂಡಗೆ ಮಾಡದೆ ನಾಲಗೆಯ ನಡುವಿನಿಂದ ಹೊರಡುವ ಸ್ವರಗಳು. ಕನ್ನಡ ಕೇಸಿನಲ್ಲಿ ಅವಕ್ಕೆಂದು ಖಾನೆ ಇರಲಿಲ್ಲ. ಹೊಸ ಗುರುತು ಬೇಕೆಂದರೆ ಉಕ್ಕಿನಲ್ಲಿ ಅಕ್ಷರದ ಪಂಚ್ ಕೆತ್ತಿ, ಅದನ್ನು ತಾಮ್ರಕ್ಕೆ ಒತ್ತಿ ಮಾತೃಕೆ ಎಂಬ ಎರಕದ ಅಚ್ಚು ಮಾಡಿ, ಹೊಸದಾಗಿ ಎರಕ ಹೊಯ್ಯಬೇಕು. ಸಣ್ಣ ಭಾಷೆಯ ಒಂದೆರಡು ಪುಸ್ತಕಕ್ಕಾಗಿ ಅಷ್ಟು ಹಣ ಹಾಕುವವರು ಯಾರು? ಇದ್ದ ಮೊಳೆಯಲ್ಲೇ ಸುಧಾರಿಸಿಕೊಂಡರೆ ಸರಿಯಾದ ಉಚ್ಚಾರವನ್ನು ಓದುವವರೇ ತುಂಬಿಕೊಳ್ಳಬೇಕು. ಕೊಡಗಿನ ಮ್ಯೂಸಿಯಂನಲ್ಲಿ ಒಂದು ಕನ್ನಡ ಕೇಸ್ ಇಟ್ಟು ಈ ಇಲ್ಲದ ಖಾನೆಯ ವಿಷಯ ಹೇಳಿದರೆ, ಲಿಪಿ ಮತ್ತು ಲೋಹದ ನಂಟು ಮಕ್ಕಳಿಗೂ ಅರ್ಥವಾಗುತ್ತದೆ.

ಮೊಳೆ ಜೋಡಿಸುವವರು ಎಡಗೈಯಲ್ಲಿ ‘ಸ್ಟಿಕ್’ ಹಿಡಿಯುತ್ತಾರೆ. ಮೂರು ಬದಿ ಅಂಚಿರುವ ಸಣ್ಣ ಲೋಹದ ತಟ್ಟೆ ಅದು, ಸಾಲಿನ ಅಗಲಕ್ಕೆ ಹೊಂದಿಸಿ ಬಿಗಿಮಾಡುತ್ತಾರೆ. ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ಖಾನೆಯಿಂದ ಖಾನೆಗೆ. ಅಕ್ಷರಗಳನ್ನು ಎಡದಿಂದ ಬಲಕ್ಕೇ ನಿಲ್ಲಿಸುತ್ತಾರೆ, ಆದರೆ ತಲೆಕೆಳಗಾಗಿ. ಹಾಗೆ ನಿಲ್ಲಿಸಿದರೆ ತಿರುಗುಮುರುಗಾದ ಅಕ್ಷರವನ್ನೂ ಎಡದಿಂದಲೇ ಓದಬಹುದು. ಸಾಲು ತುಂಬಿದ ಮೇಲೆ ಪದಗಳ ನಡುವೆ ತೆಳ್ಳನೆಯ, ದಪ್ಪನೆಯ ಸ್ಪೇಸ್‌ಗಳನ್ನು ಅದಲುಬದಲು ಮಾಡಿ ಸಾಲನ್ನು ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ಯಂತ್ರ ಓಡುವಾಗ ಜಿಗುಟು ಮಸಿಯ ರೋಲರ್ ಮೊಳೆಯನ್ನು ಕಿತ್ತೆಳೆಯುತ್ತದೆ. ಸಾಲುಗಳ ನಡುವೆ ಸೀಸದ ಪಟ್ಟಿ. ಪುಟ ತುಂಬಿದಾಗ ಸುತ್ತ ದಾರ ಬಿಗಿದು ‘ಗ್ಯಾಲಿ’ ಎಂಬ ತಟ್ಟೆಗೆ ಜಾರಿಸುತ್ತಾರೆ, ಮಸಿ ಹಚ್ಚಿ ತಪ್ಪು ನೋಡಲು ಒಂದು ಪ್ರೂಫ್ ತೆಗೆಯುತ್ತಾರೆ.

ಹತ್ತು ಸೆಂಟಿಮೀಟರ್ ಅಗಲ, ಹದಿನಾರು ಸೆಂಟಿಮೀಟರ್ ಉದ್ದದ ಒಂದು ಪುಟದ ಮೊಳೆ ಎಷ್ಟು ತೂಗುತ್ತದೆ ಎಂದು ಲೆಕ್ಕ ಹಾಕಿದರೆ ಮೂರೂವರೆ ಕಿಲೋದ ಆಸುಪಾಸಿಗೆ ಬರುತ್ತದೆ. ಇನ್ನೂರು ಪುಟದ ಪುಸ್ತಕ ಪೂರ್ತಿ ಜೋಡಿಸಿಡಬೇಕೆಂದರೆ ಏಳುನೂರು ಕಿಲೋ ಲೋಹ ಬೇಕು. ಸಣ್ಣ ಪ್ರೆಸ್ಸಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ಎಂಟೋ ಹದಿನಾರೋ ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ, ಅದೇ ಮೊಳೆಯಲ್ಲಿ ಮುಂದಿನ ಪುಟಗಳು. ಲೇಖಕರಿಗೆ ಪ್ರೂಫ್ ಬೇಗ ಕೊಡಿ ಎಂದು ಪ್ರೆಸ್‌ನವರು ಬೆನ್ನು ಹತ್ತುತ್ತಿದ್ದುದು ಇದಕ್ಕೇ. ಹತ್ತನೆಯ ಅಧ್ಯಾಯ ಬರೆಯುವಾಗ ಮೊದಲ ಅಧ್ಯಾಯದ ತಪ್ಪು ನೆನಪಾದರೆ ಅದಾಗಲೇ ಕಾಗದಕ್ಕೆ ಹೋಗಿರುತ್ತಿತ್ತು. ಹಳೆಯ ಪುಸ್ತಕಗಳ ಕೊನೆಯಲ್ಲಿ ‘ತಪ್ಪು – ಒಪ್ಪು’ ಪಟ್ಟಿ ಅಷ್ಟು ಉದ್ದ ಇರುವುದಕ್ಕೆ ಇದು ದೊಡ್ಡ ಕಾರಣ.

ಬಿಚ್ಚುವುದೂ ಒಂದು ವಿದ್ಯೆ. ಮುಗಿದ ಪುಟವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದು ಪದ ಬೆರಳಲ್ಲಿ ಹಿಡಿದು ಓದಿ, ಮೊಳೆಗಳನ್ನು ಅವುಗಳ ಖಾನೆಗೆ ವಾಪಸು ಹಾಕಬೇಕು. ಇಲ್ಲಿ ‘ಪ’ದ ಖಾನೆಗೆ ‘ವ’ ಬಿದ್ದರೆ, ‘ಥ’ದ ಖಾನೆಗೆ ‘ಧ’ ಬಿದ್ದರೆ ಮುಂದಿನ ವಾರದ ಮದುವೆ ಕರೆಯೋಲೆಯಲ್ಲಿ ಯಾರದೋ ಹೆಸರು ಕೆಡುತ್ತದೆ.

ಇಷ್ಟಾದ ಮೇಲೆ ಯಂತ್ರ. ಪುಟವನ್ನು ಸಪಾಟು ಮೇಜಿನ ಮೇಲೆ ‘ಚೇಸ್’ ಎಂಬ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟು, ಸುತ್ತ ಮರದ ತುಂಡು ತುಂಬಿಸಿ, ‘ಕ್ವಾಯಿನ್’ ಎಂಬ ಬೆಣೆಗಳಿಂದ ಬಿಗಿಯುತ್ತಾರೆ. ಮರದ ಹಲಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಲ್ಲ ಮೊಳೆ ಒಂದೇ ಮಟ್ಟಕ್ಕೆ ಕೂತಿದೆಯೇ ನೋಡುತ್ತಾರೆ. ಚೇಸನ್ನು ಎತ್ತಿದಾಗ ಒಂದು ಮೊಳೆಯೂ ಕೆಳಗೆ ಬೀಳಬಾರದು. ನೂರಾರು ಬಿಡಿ ತುಂಡುಗಳು ಅಂಟಿಲ್ಲದೆ, ಬರೀ ಒತ್ತಡದಿಂದ ಒಂದು ಹಲಗೆಯಾಗಿ ನಿಲ್ಲುವುದು ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ. ಮಾಲ್‌ನಲ್ಲಿ ಇದನ್ನೊಂದು ಕಣ್ಣೆದುರು ಮಾಡಿ ತೋರಿಸಿದರೆ ಜನ ಸುತ್ತ ನಿಂತೇ ನಿಲ್ಲುತ್ತಾರೆ.

ನಮ್ಮ ಊರುಗಳ ಸಣ್ಣ ಪ್ರೆಸ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಟ್ರೆಡಲ್. ಅಮೆರಿಕದ ಜಾರ್ಜ್ ಗಾರ್ಡನ್ 1850ರ ದಶಕದಲ್ಲಿ ರೂಪಿಸಿದ ಮಾದರಿಯಿಂದ ಬಂದ ಯಂತ್ರ ಇದು. ಚೇಸ್ ನೆಟ್ಟಗೆ ನಿಲ್ಲುತ್ತದೆ, ಅದರ ಎದುರಿಗೆ ಕಾಗದ ಹಿಡಿಯುವ ‘ಪ್ಲಾಟನ್’ ಎಂಬ ಕಬ್ಬಿಣದ ಹಲಗೆ. ಕಾಲಿನಿಂದ ಪೆಡಲ್ ತುಳಿದರೆ ಪಕ್ಕದ ಭಾರದ ಚಕ್ರ ತಿರುಗುತ್ತದೆ. ಆ ಚಕ್ರದ ಕೆಲಸ ಓಟ ಕಾಪಾಡುವುದು. ತುಳಿತ ಒಂದೇ ಸಮ ಇರದಿದ್ದರೂ ಒತ್ತುವ ಕ್ಷಣಕ್ಕೆ ಬೇಕಾದ ಬಲ ಅದರಲ್ಲಿ ಕೂಡಿರುತ್ತದೆ. ಮೇಲೆ ದುಂಡನೆಯ ಮಸಿ ತಟ್ಟೆ. ಪ್ರತಿ ಸುತ್ತಿಗೂ ಅದು ಸ್ವಲ್ಪ ತಿರುಗುತ್ತದೆ, ಇಲ್ಲದಿದ್ದರೆ ರೋಲರ್‌ಗಳು ಒಂದೇ ಜಾಗದ ಮಸಿ ಎಳೆದು ಅಲ್ಲಿ ಖಾಲಿಯಾಗುತ್ತದೆ. ಪ್ಲಾಟನ್ ತೆರೆದಾಗ ರೋಲರ್‌ಗಳು ಮೊಳೆಯ ಮೇಲೆ ಹಾದು ಮಸಿ ಸವರಿ ವಾಪಸು ಹೋಗುತ್ತವೆ. ಅಷ್ಟರಲ್ಲಿ ಬಲಗೈ ಹೊಸ ಹಾಳೆ ಇಡಬೇಕು, ಎಡಗೈ ಅಚ್ಚಾದ ಹಾಳೆ ತೆಗೆಯಬೇಕು. ಪ್ಲಾಟನ್ ಮುಚ್ಚಿ ಒತ್ತುತ್ತದೆ. ಮತ್ತೆ ತೆರೆಯುತ್ತದೆ. ಹಾಳೆ ಓರೆಯಾಗಿ ಕೂತರೆ ಪಕ್ಕದ ಹಿಡಿ ತಳ್ಳಿ ಆ ಒಂದು ಒತ್ತನ್ನು ತಪ್ಪಿಸಬಹುದು. ಪಳಗಿದ ಕೈ ಗಂಟೆಗೆ ಸಾವಿರ ಹಾಳೆ ತೆಗೆಯುತ್ತಿತ್ತು. ಕೈ ತಡವಾದರೆ ಬೆರಳು ಹೋಗುತ್ತಿತ್ತು. ಈ ಯಂತ್ರವನ್ನು ಹೊಗಳುವಾಗ ಆ ಮಾತನ್ನು ಮರೆಮಾಚಬಾರದು.

ನೋಡುವವರಿಗೆ ಕಾಣದ ಕೆಲಸ ಪ್ಲಾಟನ್ ಮೇಲೆ ಹೊದಿಸಿದ ಕಾಗದದ ಅಡಿಯಲ್ಲಿ ಇರುತ್ತದೆ. ಮೊದಲ ಹಾಳೆಯಲ್ಲಿ ಎಲ್ಲಿ ಮಸುಕಾಗಿದೆ ನೋಡಿ, ಅಷ್ಟೇ ಜಾಗಕ್ಕೆ ತೆಳುಕಾಗದದ ಚೂರು ಅಂಟಿಸುತ್ತಾರೆ. ಎಲ್ಲಿ ಹೆಚ್ಚು ಒತ್ತಿದೆಯೋ ಅಲ್ಲಿ ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ ‘ಮೇಕ್‌ರೆಡಿ’ ಎನ್ನುವುದು. ಇನ್ನೂರು ಕಾರ್ಡಿನ ಕೆಲಸದಲ್ಲಿ ಅಚ್ಚು ಹಾಕುವುದಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯುವುದುಂಟು. ಅಚ್ಚಿನ ಗುಣಮಟ್ಟ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಟ್ರೆಡಲ್‌ನಲ್ಲಿ ದೊಡ್ಡ ಹಾಳೆ ಯಾಕಾಗದು? ಇಡೀ ಪುಟ ಒಂದೇ ಕ್ಷಣಕ್ಕೆ ಒತ್ತಬೇಕಾಗಿರುವುದರಿಂದ. ಪುಟ ಎರಡರಷ್ಟಾದರೆ ಬಲವೂ ಎರಡರಷ್ಟು ಬೇಕು, ಬೇಗನೆ ಯಂತ್ರದ ಮಿತಿ ಮುಗಿಯುತ್ತದೆ. ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಒಮ್ಮೆಲೇ ಚಪ್ಪಟೆ ಮಾಡುವುದಕ್ಕೂ ಲಟ್ಟಣಿಗೆ ಉರುಳಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಿಲಿಂಡರ್ ಯಂತ್ರದಲ್ಲಿ ಮೊಳೆಯ ಹಾಸು ಮಲಗಿರುತ್ತದೆ, ಕಾಗದ ಸುತ್ತಿಕೊಂಡ ಉರುಳೆ ಅದರ ಮೇಲೆ ಉರುಳುತ್ತದೆ. ಯಾವ ಕ್ಷಣದಲ್ಲೂ ಒತ್ತಡ ಬೀಳುವುದು ಒಂದು ಗೆರೆಯಷ್ಟು ಜಾಗಕ್ಕೆ ಮಾತ್ರ. ಹಾಗಾಗಿ ಎಂಟು ಪುಟ, ಹದಿನಾರು ಪುಟ ಹಿಡಿಯುವ ಹಾಳೆಯೂ ಅಚ್ಚಾಗುತ್ತದೆ. 1814ರ ನವೆಂಬರ್ 29ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಫ್ರೀಡ್ರಿಷ್ ಕೋನಿಗ್ ಮಾಡಿದ ಹಬೆಯ ಸಿಲಿಂಡರ್ ಯಂತ್ರದಲ್ಲಿ ಗಂಟೆಗೆ 1,100 ಹಾಳೆಯ ವೇಗದಲ್ಲಿ ಅಚ್ಚಾಯಿತು. ಅದೇ ಕಾಲದ ಕೈಯಂತ್ರದಲ್ಲಿ ಸುಮಾರು 250 ಆಗುತ್ತಿತ್ತು.

ದೊಡ್ಡ ಹಾಳೆ ಬಂದಕೂಡಲೇ ಪುಟಗಳನ್ನು ಎಲ್ಲಿ ಇಡಬೇಕು ಎಂಬ ಲೆಕ್ಕ ಶುರುವಾಗುತ್ತದೆ. ಒಂದು ಹಾಳೆಯನ್ನು ಎರಡು ಸಲ ಮಡಚಿ, ಮೂಲೆಗಳಲ್ಲಿ 1ರಿಂದ 8ರವರೆಗೆ ಪುಟಸಂಖ್ಯೆ ಬರೆದು, ಬಿಚ್ಚಿ ನೋಡಿ. ಒಂದು ಮುಖದಲ್ಲಿ 1, 4, 5, 8, ಇನ್ನೊಂದರಲ್ಲಿ 2, 3, 6, 7. ಕೆಲವು ತಲೆಕೆಳಗಾಗಿಯೂ ಇರುತ್ತವೆ. ಮಕ್ಕಳಿಗೆ ಇದನ್ನು ಮಾಡಿಸಲು ಒಂದು ಮೇಜು, ಒಂದಿಷ್ಟು ರದ್ದಿ ಕಾಗದ ಸಾಕು.

ಮುಂದಿನದು ಬೇಗ ಬೇಗ ನಡೆಯಿತು. ಓಟ್ಮಾರ್ ಮೆರ್ಗೆನ್‌ಥಾಲರ್‌ನ ಲೈನೊಟೈಪ್ 1886ರಲ್ಲಿ ಕೀಲಿಮಣೆ ಒತ್ತಿದರೆ ಇಡೀ ಸಾಲನ್ನೇ ಎರಕ ಹೊಯ್ದುಕೊಡುವಂತೆ ಮಾಡಿತು. ಇಂಗ್ಲಿಷ್ ಪತ್ರಿಕೆಗಳ ಕೆಲಸ ಅದರಿಂದ ಬದಲಾಯಿತು. ಕನ್ನಡದ ಸಣ್ಣ ಪ್ರೆಸ್‌ಗಳಲ್ಲಿ ಮಾತ್ರ ಕೈಜೋಡಣೆಯೇ ಬಹುಕಾಲ ಉಳಿಯಿತು. ಅದನ್ನು ಕೊನೆಗೂ ತೆಗೆದದ್ದು ಆಫ್‌ಸೆಟ್ ಮತ್ತು ಕಂಪ್ಯೂಟರ್. ಆಫ್‌ಸೆಟ್ ಎಂದರೆ ಕಲ್ಲಚ್ಚಿನ ಅದೇ ಜಿಡ್ಡು–ನೀರಿನ ತತ್ವ. ಕಲ್ಲಿನ ಬದಲು ತೆಳುವಾದ ಅಲ್ಯೂಮಿನಿಯಂ ಪ್ಲೇಟ್, ಅದರಿಂದ ರಬ್ಬರ್ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ. ಮತ್ತೆ ಉಬ್ಬಿಲ್ಲ, ಮೊಳೆಯಿಲ್ಲ. ಒತ್ತಕ್ಷರ ಎಲ್ಲಿ ಬೇಕೋ ಅಲ್ಲಿ. 1843ರಲ್ಲಿ ಮಂಗಳೂರಿನ ಲಿಪಿಕಾರನಿಗೆ ಕಲ್ಲಿನ ಮೇಲೆ ಇದ್ದ ಸ್ವಾತಂತ್ರ್ಯ ನಡುವೆ ನೂರಕ್ಕೂ ಹೆಚ್ಚು ವರ್ಷ ಸೀಸದ ಕಟ್ಟಿಗೆ ಸಿಕ್ಕಿ, ಆಮೇಲೆ ಕನ್ನಡಕ್ಕೆ ವಾಪಸು ಸಿಕ್ಕಿತು. ಮ್ಯೂಸಿಯಂನ ಕ್ರಮವೂ ಹೀಗೇ ಇರಬೇಕೆಂದು ನನ್ನ ವಾದ: ಮೊದಲು ಒಂದು ಕಲ್ಲು, ಆಮೇಲೆ ಕೇಸ್ ಮತ್ತು ಟ್ರೆಡಲ್, ಕೊನೆಗೆ ಒಂದು ಆಫ್‌ಸೆಟ್ ಪ್ಲೇಟ್. ಕಲ್ಲೂ ಪ್ಲೇಟೂ ಒಂದೇ ಕುಟುಂಬದವು ಎಂದು ಕಂಡರೆ ನಡುವಿನ ಸೀಸದ ಕಾಲ ಅರ್ಥವಾಗುತ್ತದೆ.

ಕೊಡಗಿನ ಬಗ್ಗೆ ಅಚ್ಚಾದ ಹಳೆಯ ಮುಖ್ಯ ಪುಸ್ತಕಗಳು ಕೊಡಗಿನ ಹೊರಗೆ ಅಚ್ಚಾದವು. ಮೋಗ್ಲಿಂಗ್ ಇಲ್ಲಿದ್ದಾಗ ಬರೆದ ಕೊಡಗಿನ ನೆನಪುಗಳು 1855ರಲ್ಲಿ ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ಶಿಕ್ಷಕರಾಗಿದ್ದ ರಿಕ್ಟರ್ ಅವರ ಕೊಡಗಿನ ಕೈಪಿಡಿ 1870ರಲ್ಲಿ ಮಂಗಳೂರಿನಲ್ಲಿ. ಆಮೇಲೆ ಊರಿನಲ್ಲೇ ಪ್ರೆಸ್‌ಗಳು ಬಂದವು, ಪತ್ರಿಕೆಗಳು ಬಂದವು. 1957ರಲ್ಲಿ ಮಡಿಕೇರಿಯಿಂದ ಹೊರಟ ‘ಶಕ್ತಿ’ ಇಂದಿಗೂ ದಿನಪತ್ರಿಕೆಯಾಗಿ ನಡೆಯುತ್ತಿದೆ. ಆದರೆ ಸಣ್ಣ ಪ್ರೆಸ್ಸಿನ ಹೊಟ್ಟೆ ತುಂಬಿಸಿದ್ದು ಪುಸ್ತಕ, ಪತ್ರಿಕೆಗಿಂತ ಹೆಚ್ಚಾಗಿ ದಿನದ ಚಿಲ್ಲರೆ ಕೆಲಸ. ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಹಾಳೆ, ಸಹಕಾರ ಸಂಘದ ರಸೀದಿ ಪುಸ್ತಕ, ಮದುವೆ ಕರೆಯೋಲೆ, ದೇವಸ್ಥಾನದ ಹಬ್ಬದ ನೋಟೀಸು, ಕೊಡವರ ಕೈಲ್‌ಪೊಳ್ದ್ ಹಬ್ಬದ ಕ್ರೀಡಾಕೂಟದ ಕರಪತ್ರ. ರಸೀದಿಗೆ ಕ್ರಮಸಂಖ್ಯೆ ಹಾಕಲು ಮೊಳೆಯ ನಡುವೆಯೇ ಒಂದು ಸಣ್ಣ ನಂಬರಿಂಗ್ ಪೆಟ್ಟಿಗೆ ಕೂರಿಸುತ್ತಿದ್ದರು. ಪ್ರತಿ ಒತ್ತಿಗೂ ಅದರ ಅಂಕಿ ತಾನೇ ಒಂದು ಮುಂದೆ ಸರಿಯುತ್ತದೆ. ಅದೂ ಮ್ಯೂಸಿಯಂಗೆ ಬರಬೇಕಾದ ವಸ್ತು.

ಈ ಚಿಲ್ಲರೆ ಕಾಗದಗಳೇ ನಮ್ಮ ಪ್ರೆಸ್‌ಗಳ ದಾಖಲೆಯೂ ಹೌದು. 1867ರ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕದಲ್ಲಿ ಮುದ್ರಕರ ಹೆಸರು, ಮುದ್ರಣದ ಊರು ಇರಲೇಬೇಕಿತ್ತು. ಕರೆಯೋಲೆ, ಕರಪತ್ರಗಳ ಅಡಿಯಲ್ಲೂ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು ಹಾಕುವುದು ವಾಡಿಕೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆಯಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಆ ವರ್ಷಗಳ ಒಂದು ಕರಪತ್ರ ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿದ್ದರೆ, ಕೊನೆಯ ಸಾಲು ಓದಿ. ಯಾವ ಊರಿನಲ್ಲಿ ಯಾವ ಪ್ರೆಸ್ ಯಾವಾಗ ಇತ್ತು ಎಂದು ಅಂಥ ಸಾಲುಗಳಿಂದಲೇ ಜೋಡಿಸಿ ಬರೆಯಬಹುದು.

ಇನ್ನು ಮಾಲ್‌ನಲ್ಲಿ ಇದನ್ನೆಲ್ಲ ಇಡುವ ವಿಚಾರ. ನೆಲಮಹಡಿಯೇ ಆಗಬೇಕು. ಸಣ್ಣ ಟ್ರೆಡಲ್ ಕೂಡ ಹಲವು ನೂರು ಕಿಲೋ ಇರುತ್ತದೆ. ತಾನೇ ಹಾಳೆ ಎತ್ತಿಕೊಳ್ಳುವ ಹೈಡಲ್‌ಬರ್ಗ್ ಪ್ಲಾಟನ್ ಸುಮಾರು ಒಂದು ಟನ್. ಆ ಭಾರ ನಾಲ್ಕು ಪಾದಗಳ ಮೇಲೆ ಬೀಳುವುದರಿಂದ ಟೈಲ್ಸ್ ಒಡೆಯುತ್ತವೆ. ಅಡಿಗೆ ದಪ್ಪ ಹಲಗೆಯೋ ಉಕ್ಕಿನ ಪಟ್ಟಿಯೋ ಹಾಸಬೇಕು. ನಮ್ಮ ತೇವ ಎರಡನೆಯ ಶತ್ರು. ಕಬ್ಬಿಣಕ್ಕೆ ತುಕ್ಕು, ಕಾಗದಕ್ಕೆ ಬೂಷ್ಟು. ಹಿಂದಿನ ಕಾಲದ ರೋಲರ್‌ಗಳನ್ನು ಸರೇಸು ಮತ್ತು ಗ್ಲಿಸರಿನ್ ಬೆರೆಸಿ ಎರಕ ಹೊಯ್ಯುತ್ತಿದ್ದರು, ಅವು ಮಳೆಗಾಲದಲ್ಲಿ ತೇವ ಹೀರಿ ಉಬ್ಬಿ ಮೆತ್ತಗಾಗುತ್ತಿದ್ದವು. ಈಗಿನ ರಬ್ಬರ್ ರೋಲರನ್ನೂ ಮೊಳೆಯ ಮೇಲೆ ಒತ್ತಿಟ್ಟು ಬಿಡಬಾರದು, ಒಂದು ಬದಿ ಚಪ್ಪಟೆಯಾಗುತ್ತದೆ. ಯಂತ್ರಕ್ಕೆ ಬಣ್ಣ ಹೊಡೆಯುವ ಆತುರ ಬೇಡ. ಎಣ್ಣೆ ಬಿಡುವ ತೂತುಗಳು ಬಣ್ಣದಿಂದ ಮುಚ್ಚಿಹೋದರೆ ಅದು ಮತ್ತೆ ಓಡುವುದಿಲ್ಲ. ತೆಳುವಾದ ಮೆಷಿನ್ ಎಣ್ಣೆ ಸವರಿದರೆ ಸಾಕು.

ಮೊಳೆಗಳ ವಿಷಯದಲ್ಲಿ ಇನ್ನೂ ಎಚ್ಚರ. ಮುಚ್ಚಿದ ಮರದ ಕೇಸಿನಲ್ಲಿ ತೇವ ಸೇರಿದರೆ ಮರದಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿಂದು ಮೊಳೆಯ ಮೇಲೆ ಬಿಳಿ ಪುಡಿ ಏಳುತ್ತದೆ. ಅದು ವಿಷ. ಊದಿ ಹಾರಿಸಬಾರದು, ಮಕ್ಕಳ ಕೈಗೆ ಕೊಡಬಾರದು. ಮಕ್ಕಳು ಮುಟ್ಟಲಿ ಎಂದು ಇಡುವ ಮೊಳೆ ಮರದ್ದೋ ರೆಸಿನ್‌ನದ್ದೋ ಆಗಿರಲಿ. ಸೀಸದ್ದನ್ನು ಗಾಜಿನ ಹಿಂದೆ ಇಡಿ. ಮುಟ್ಟಬೇಕಾದವರು ಮುಟ್ಟಿ ಕೈ ತೊಳೆಯಲಿ. ಟ್ರೆಡಲ್ ಓಡಿಸಿ ತೋರಿಸುವಾಗ ಚಕ್ರಕ್ಕೂ ಪ್ಲಾಟನ್‌ಗೂ ಕಾವಲು ಜಾಲರಿ ಇರಲೇಬೇಕು.

ಮತ್ತು ಅದನ್ನು ಓಡಿಸಬೇಕು. ವಾರಕ್ಕೊಮ್ಮೆಯಾದರೂ, ಸಂತೆಯ ದಿನ. ಬಂದವರ ಹೆಸರನ್ನು ಅವರ ಕಣ್ಣೆದುರೇ ಮೊಳೆಯಲ್ಲಿ ಜೋಡಿಸಿ ಒಂದು ಕಾರ್ಡಿಗೆ ಅಚ್ಚು ಹಾಕಿಕೊಟ್ಟರೆ ಅದಕ್ಕೆ ದುಡ್ಡು ಕೊಡಲು ಜನ ಹಿಂದೆಮುಂದೆ ನೋಡುವುದಿಲ್ಲ, ಮ್ಯೂಸಿಯಂನ ಎಣ್ಣೆ ಮಸಿಯ ಖರ್ಚು ಅದರಲ್ಲೇ ಹೋಗುತ್ತದೆ. ಜೋಡಿಸುವುದಕ್ಕೆ ಆ ಕೆಲಸ ಬಲ್ಲವರೇ ಬೇಕು. ಕೈಯಲ್ಲಿ ಮೊಳೆ ಜೋಡಿಸಿದ ಕೊನೆಯ ತಲೆಮಾರಿನವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಹೆಚ್ಚಿನವರು ಅರವತ್ತು ದಾಟಿದವರು. ಅವರನ್ನು ಉದ್ಘಾಟನೆಯ ದಿನ ಶಾಲು ಹೊದಿಸಿ ಕಳಿಸುವುದಲ್ಲ, ಸಂಬಳ ಕೊಟ್ಟು ಗುರುಗಳಾಗಿ ಕೂರಿಸಬೇಕು.

ಅದಕ್ಕೂ ಮೊದಲು ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಕನ್ನಡ ಕೇಸಿನ ಖಾನೆಗಳ ಕ್ರಮ ಎಲ್ಲ ಪ್ರೆಸ್‌ನಲ್ಲೂ ಒಂದೇ ಇರಲಿಲ್ಲ. ಯಾವ ಒತ್ತು ಕೈಗೆ ಹತ್ತಿರ, ಯಾವ ದೀರ್ಘ ಮೂಲೆಗೆ ಎನ್ನುವುದು ಆಯಾ ಪ್ರೆಸ್‌ನವರ ಅನುಕೂಲದಂತೆ ನಡೆಯುತ್ತಿತ್ತು, ಖಾನೆಗಳ ಮೇಲೆ ಹೆಸರು ಬರೆದಿರುವುದೂ ಅಪರೂಪ. ಪ್ರೆಸ್ ಮುಚ್ಚಿದವರು ಮೊಳೆಯನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡುವ ಮೊದಲು, ಅಲ್ಲಿ ಕೆಲಸ ಮಾಡಿದವರನ್ನು ಕೇಸಿನ ಮುಂದೆ ನಿಲ್ಲಿಸಿ, ಒಂದೊಂದು ಖಾನೆಯಲ್ಲಿ ಏನಿರುತ್ತಿತ್ತು ಎಂದು ಕೇಳಿ, ಒಂದು ಹಾಳೆಯಲ್ಲಿ ಚೌಕ ಹಾಕಿ ಬರೆದಿಟ್ಟುಕೊಳ್ಳಿ. ಟ್ರೆಡಲ್ ಯಂತ್ರ ಇನ್ನೊಂದು ಊರಿನಿಂದಲಾದರೂ ಬಂದೀತು, ಆ ನಕ್ಷೆ ಆ ಕೈಗಳಿಂದ ಮಾತ್ರ ಬರುತ್ತದೆ.